ಟೇಡಾಳ ಹದಿನಾಲ್ಕು ಪಟ್ಟಿಗಳು

ಟೇಡಾ ಹಾರ್ಬರ್ಟ್ಸ್ ಜೀವಮಾನದಲ್ಲಿ ಒಂದು ಸಾಲು ಪ್ರೋಗ್ರಾಮ್ ಬರೆದವಳಲ್ಲ. ಆದರೂ ಪ್ರೋಗ್ರಾಮ್ ಬರೆಯುವ ಸಾವಿರಾರು ಜನರ ಮಾತು ಹದಿನೈದು ವರ್ಷ ಅವಳ ಕೈ ದಾಟಿಯೇ ಹೋಗಬೇಕಾಗಿತ್ತು. ಅವರಲ್ಲಿ ಅರ್ಧಕ್ಕರ್ಧ ಜನ ಅವಳನ್ನು ಒಂದು ಯಂತ್ರವೆಂದೇ ತಿಳಿದಿದ್ದರು. ಒಬ್ಬ ಕೆನಡಾದವನಂತೂ, "ಈ ಟೇಡಾ ಅನ್ನೋ ಸಾಫ್ಟ್‌ವೇರ್ ಬಹಳ ಚೆನ್ನಾಗಿದೆ, ಎಲ್ಲಿ ಸಿಗತ್ತೆ?" ಎಂದು ಬರೆದಿದ್ದ. "ಲೇರ್‌ನಲ್ಲಿ, ಚರ್ಚ್ ಹಿಂದಿನ ಬೀದಿ. ಒಂದೇ ಪ್ರತಿ ಇರೋದು, ಮದುವೆ ಆಗೋಗಿದೆ" ಎಂದು ಇವಳು ಉತ್ತರಿಸಿದಳು.

ನಾನು ಕಡಲಿಗೆ ಹತ್ತಿರದ ಲೇರ್ ಎಂಬ ಸಣ್ಣ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದೆ. ಟೇಡಾ ಕೋಣೆಯ ಹೊರಗೆ ಸ್ವಾಗತದ ಮೇಜಿನಲ್ಲಿ ಕೂರುತ್ತಿದ್ದಳು. ನಮ್ಮಿಬ್ಬರ ನಡುವೆ ಒಂದು ಗಾಜಿನ ಕಿಟಕಿ, ಒಂದು ಟೀ ಕೆಟಲ್. ಹೊರಗೆ ಯಾವಾಗಲೂ ಬೀಸುವ ಗಾಳಿ.

ಕಾಲೇಜಿಗೆ ಬರುವ ಮುಂಚೆ ಅವಳು ನಾರ್ಡೈಖ್‌ನ ಹಡಗು ರೇಡಿಯೋ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ನಡುಗಡಲಿನಲ್ಲಿರುವ ನಾವಿಕನಿಗೆ ಮನೆಯವರ ಜತೆ ಮಾತಾಡಬೇಕೆನಿಸಿದರೆ ಮೊದಲು ಟೇಡಾಳಂಥವರು ಸಿಗುತ್ತಿದ್ದರು. ಅವರು ರೇಡಿಯೋ ಕರೆಯನ್ನು ಊರಿನ ಟೆಲಿಫೋನ್ ತಂತಿಗೆ ಜೋಡಿಸಿಕೊಡುತ್ತಿದ್ದರು. ಅದು ತೆರೆದ ಅಲೆ. ಒಬ್ಬ ಮಾತಾಡಿದರೆ ಉಳಿದ ಹಡಗುಗಳೆಲ್ಲ ಕಿವಿ ಚಾಚಿ ಕೇಳುತ್ತಿದ್ದವು. ಒಮ್ಮೆ ಒಬ್ಬ ಕ್ಯಾಪ್ಟನ್ ಹೆಂಡತಿಯ ಮೇಲೆ ರೇಗಾಡುತ್ತಿದ್ದಾಗ ಟೇಡಾ ನಡುವೆ ಬಾಯಿ ಹಾಕಿದ್ದಳಂತೆ: "ಕ್ಯಾಪ್ಟನ್ ಸಾಹೇಬ್ರೆ, ಬಿಸ್ಕೇ ಕೊಲ್ಲಿಯಲ್ಲಿರೋ ಎಂಟು ಹಡಗು ನಿಮ್ಮತ್ತೆ ವಿಷಯ ಕೇಳಿಸ್ಕೋತಿವೆ. ಮುಂದುವರಿಸ್ಲಾ?" ಕ್ಯಾಪ್ಟನ್ ತಕ್ಷಣ ಹವಾಮಾನದ ವಿಷಯಕ್ಕೆ ಹೊರಳಿದನಂತೆ.

ಉಪಗ್ರಹಗಳು ಬಂದವು, ನಾವಿಕರ ಜೇಬಿಗೇ ಫೋನು ಬಂತು, ಕೇಂದ್ರದಲ್ಲಿ ಕೆಲಸ ಕಡಿಮೆಯಾಯಿತು. ನಲವತ್ತೇಳನೇ ವಯಸ್ಸಿನಲ್ಲಿ ಟೇಡಾ ನಮ್ಮ ಕಾಲೇಜಿಗೆ ಬಂದು ವಿದ್ಯಾರ್ಥಿಗಳ ಅರ್ಜಿಗಳಿಗೆ ಮುದ್ರೆ ಒತ್ತತೊಡಗಿದಳು. ಆ ಕೆಲಸಕ್ಕೆ ಅರ್ಧ ದಿನವೇ ಹೆಚ್ಚು. ಉಳಿದರ್ಧ ದಿನ ಹೆಣಿಗೆ.

ನಮ್ಮ ಕೋಣೆಯ ಬೆಂಚಿನ ಕೆಳಗೆ ಒಂದು ಹಳೆಯ ಯಂತ್ರವಿತ್ತು. ಅದು ಡೋಲೆಯ ಅಂಚೆ ಯಂತ್ರ. ಡೋಲೆ ಎಂದರೆ ಚರ್ಚಿನ ಗೋಪುರದಲ್ಲಿ ಗೂಡು ಕಟ್ಟುವ ಸಣ್ಣ ಕಾಗೆ. ಕಾಲೇಜಿನ ಮೇಷ್ಟರೊಬ್ಬರು ಶುರು ಮಾಡಿದ ಕಂಪ್ಯೂಟರ್ ವ್ಯವಸ್ಥೆಗೂ ಅದೇ ಹೆಸರು. ಯಾರು ಬೇಕಾದರೂ ಅದನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಮೇಷ್ಟರು ಬೇರೆ ದೇಶಕ್ಕೆ ಹೋದರು, ಡೋಲೆ ಮಾತ್ರ ಪ್ರಪಂಚದ ತುಂಬ ಹಾರಿತು. ಅದನ್ನು ಕಟ್ಟುವವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅವರ ಚರ್ಚೆ, ಜಗಳ, ಸಲಹೆ ಎಲ್ಲವೂ ಮೇಲಿಂಗ್ ಲಿಸ್ಟುಗಳಲ್ಲಿ. ಒಬ್ಬ ಪಟ್ಟಿಗೆ ಒಂದು ಪತ್ರ ಹಾಕಿದರೆ ಪಟ್ಟಿಯಲ್ಲಿರುವ ಸಾವಿರಾರು ಜನರಿಗೂ ಅದು ಹೋಗುತ್ತದೆ. ಇಂಥ ಪಟ್ಟಿಗಳು ಹದಿನಾಲ್ಕಿದ್ದವು, ದಿನಕ್ಕೆ ಒಂಬೈನೂರು ಪತ್ರ.

ಅವನ್ನು ನೋಡಿಕೊಳ್ಳುತ್ತಿದ್ದವನು ಕಾಲೇಜು ಮುಗಿಸಿ ಹೊರಡುವಾಗ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು, "ದಯವಿಟ್ಟು ಯಾರಾದರೂ ನೋಡಿಕೊಳ್ಳಿ" ಎಂದು ಸೇರಿಸಿ ಸ್ವಾಗತದ ಮೇಜಿನ ಮೇಲೆ ಇಟ್ಟುಹೋದ. 1998ನೇ ಇಸವಿ. ಟೇಡಾ ಚೀಟಿ ಹಿಡಿದು ನನ್ನ ಬಳಿ ಬಂದಳು.

"ಯಾರಾದರೂ ಅಂದ್ರೆ ಯಾರು?"

"ಗೊತ್ತಿಲ್ಲ. ನಾನಂತೂ ಅಲ್ಲ" ಎಂದೆ.

"ಸರಿ. ಹಾಗಿದ್ರೆ ನಾನೇ ಯಾರಾದರೂ."

ಅವಳು ಮಾಡಿದ ಕೆಲಸ ಕೇಳಲು ಬಹಳ ಸಪ್ಪೆ. ವಿಳಾಸ ಸತ್ತುಹೋಗಿ ಮರಳಿ ಬರುವ ಪತ್ರಗಳನ್ನು ನೋಡಿ ಆ ಹೆಸರು ತೆಗೆಯುವುದು. ಔಷಧಿ ಮಾರುವವರ ಕಸವನ್ನು ಬಾಗಿಲಲ್ಲೇ ತಡೆಯುವುದು. "ನನ್ನನ್ನು ಪಟ್ಟಿಯಿಂದ ಬಿಡಿಸಿ" ಎಂದು ಇಡೀ ಪಟ್ಟಿಗೇ ಕೂಗುವವರನ್ನು ಸದ್ದಿಲ್ಲದೆ ಬಿಡಿಸುವುದು. ಆದರೆ ಟೇಡಾ ಅದನ್ನು ಯಂತ್ರದ ಹಾಗೆ ಮಾಡಲಿಲ್ಲ. ಹೊಸಬ ಒಬ್ಬ ಮೊದಲ ಪ್ರಶ್ನೆ ಕೇಳಿ ಎರಡು ದಿನ ಯಾರೂ ಉತ್ತರಿಸದಿದ್ದರೆ, ಉತ್ತರ ಗೊತ್ತಿರುವ ಯಾರಿಗಾದರೂ ಗುಟ್ಟಾಗಿ ಒಂದು ಸಾಲು ಹೋಗುತ್ತಿತ್ತು: "ಪೆರುವಿನಿಂದ ಒಬ್ಬರು ಲೈನ್‌ನಲ್ಲಿ ಕಾಯ್ತಿದಾರೆ, ಎತ್ಕೋ." ತೊಂದರೆ ಬಂದಾಗಲೆಲ್ಲ ಅಂಚೆ ಯಂತ್ರಕ್ಕೆ ಒಂದು ನಿಯಮ ಸೇರಿಸುತ್ತಿದ್ದಳು. ಯಾವ ವಿಳಾಸದಿಂದ ಎಂಥ ಪತ್ರ ಬಂದರೆ ತಡೆಯಬೇಕು, ಯಾಕೆ, ಯಾವತ್ತು ಏನಾಯಿತು ಎಂಬುದೆಲ್ಲ ಅದರ ಪಕ್ಕದಲ್ಲೇ. ನಾಲ್ಕು ವರ್ಷದಲ್ಲಿ ಇನ್ನೂರ ಹದಿನಾಲ್ಕು ನಿಯಮಗಳಾದವು.

2002ರ ವಸಂತದಲ್ಲಿ ಜಗಳ ಹತ್ತಿಕೊಂಡಿತು. ವಿಷಯ ಇಷ್ಟೇ: ಕಡತ ಅಳಿಸುವ ಆಜ್ಞೆ ಕೊಟ್ಟಾಗ ಡೋಲೆ "ಖಾತ್ರಿಯೇ?" ಎಂದು ಕೇಳಬೇಕೋ ಬೇಡವೋ. ಕೇಳಬೇಕು ಎಂದವನು ನಾರ್ವೆಯ ಟೊರ್‌ಗೇರ್. ಬೇಡ ಎಂದವನು ಚೆಕ್ ದೇಶದ ಬ್ರನೊ ಊರಿನ ರಾಡೊವಾನ್. ಇಬ್ಬರೂ ಘಟಾನುಘಟಿಗಳು. ಡೋಲೆಯ ಕಾಲು ಭಾಗ ಅವರಿಬ್ಬರೇ ಬರೆದದ್ದು.

"ಅಳಿಸು ಅಂತ ಹೇಳಿದ ಮೇಲೆ ಅಳಿಸ್ಬೇಕು. ಡೋಲೆ ಏನು ನಿಮ್ಮಜ್ಜೀನಾ, ನಿಜವಾಗ್ಲೂ ಹೋಗ್ತೀಯಾ ಮಗಾ ಅಂತ ಕೇಳೋಕೆ?" ಎಂದು ರಾಡೊವಾನ್ ಬರೆದ.

"ನಮ್ಮಜ್ಜಿ ಕೇಳ್ತಿದ್ದಿದ್ರಿಂದ್ಲೇ ನಾನು ಕೊಡೆ ಮರೀತಿರ್ಲಿಲ್ಲ" ಎಂದು ಟೊರ್‌ಗೇರ್.

ಅಲ್ಲಿಯವರೆಗೆ ತಮಾಷೆಯೇ. ಆಮೇಲೆ ಮಾತಿಗೆ ಮಾತು ಬೆಳೆದು, ಯಾರ ಪ್ರೋಗ್ರಾಮಿನಲ್ಲಿ ಎಷ್ಟು ಹುಳುಕು, ಯಾರು ಯಾರ ಕೆಲಸ ಕದ್ದರು ಎನ್ನುವಲ್ಲಿಗೆ ಮುಟ್ಟಿತು. ಹನ್ನೊಂದು ದಿನಕ್ಕೆ ಸಾವಿರದ ನೂರ ನಲವತ್ತು ಪತ್ರ. ಬೆಂಕಿಗೆ ಊದಲು ಎರಡೂ ಕಡೆ ಜನ ಸಾಲುಗಟ್ಟಿ ನಿಂತರು.

ಟೇಡಾ ಆ ವಾದದೊಳಗೆ ಹೋಗಲೇ ಇಲ್ಲ. ಅವಳು ನೋಡುತ್ತಿದ್ದುದು ಬೇರೆ. ಒಂದು ಬೆಳಿಗ್ಗೆ ಕಿಟಕಿ ತಟ್ಟಿ ನನ್ನನ್ನು ಕರೆದಳು.

"ಶಿಗೇಕಿ ಹೋಗ್ಬಿಟ್ಟ."

"ಯಾವ ಶಿಗೇಕಿ?"

"ನೋಡು, ನಿನಗೂ ಗೊತ್ತಿಲ್ಲ! ಜಪಾನಿನವನು. ಪ್ರತಿ ಮಂಗಳವಾರ ಒಂದು ಸಣ್ಣ ತಿದ್ದುಪಡಿ ಕಳಿಸ್ತಾನೆ. ಮೂರು ವರ್ಷ ಒಂದು ವಾರಾನೂ ತಪ್ಪಿಲ್ಲ. ಕೆಳಗೆ 'ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ' ಅಂತ ಬೇರೆ ಬರೀತಾನೆ. ನಿನ್ನೆ ಸುಮ್ನೆ ಹೆಸರು ತೆಗೆಸ್ಕೊಂಡಿದಾನೆ."

ಅವಳು ಶಿಗೇಕಿಗೆ ಪತ್ರ ಬರೆದು ಕಾರಣ ಕೇಳಿದಳು. "ಕೋಣೆಯಲ್ಲಿ ಬಹಳ ಗದ್ದಲವಿದೆ. ನಾನು ಮೆಲ್ಲಗೆ ಮಾತಾಡುವವನು. ತಪ್ಪು ನನ್ನದೇ" ಎಂದು ಎರಡೇ ಸಾಲು ಬಂತು. ಟೇಡಾ ಹಿಂದಿನ ಹನ್ನೊಂದು ದಿನಗಳಲ್ಲಿ ಬಿಟ್ಟುಹೋದವರ ಹೆಸರುಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ನೂರ ಎಂಬತ್ತಾರು ಮಂದಿ. ಅವರಲ್ಲಿ ಒಬ್ಬನೂ ಆ ಜಗಳದಲ್ಲಿ ಒಂದು ಮಾತೂ ಆಡಿದವನಲ್ಲ.

ಅಂದು ಮಧ್ಯಾಹ್ನವೇ ಪಟ್ಟಿಗೆ ಅವಳ ಪತ್ರ ಹೋಯಿತು. "ಇವತ್ತಿಂದ ಈ ವಿಷಯದ ಬಗ್ಗೆ ಒಬ್ಬರಿಗೆ ದಿನಕ್ಕೆ ಒಂದೇ ಪತ್ರ. ಟೊರ್‌ಗೇರ್, ರಾಡೊವಾನ್ ಇಬ್ಬರ ಪತ್ರಾನೂ ನಾನು ಓದಿದ ಮೇಲೇ ಮುಂದಕ್ಕೆ ಹೋಗೋದು. ಇದು ತೆರೆದ ಅಲೆ, ನಾಲ್ಕು ಸಾವಿರ ಜನ ಕೇಳ್ತಿದಾರೆ. — ಟೇಡಾ."

ಟೊರ್‌ಗೇರ್ ಮುಗುಮ್ಮಾದ. ರಾಡೊವಾನ್ ಉರಿದುಬಿದ್ದ. ಅವನ ಮೊದಲ ಪತ್ರ ಟೇಡಾಳ ಕೈಗೆ ಬಂತು. ತನ್ನ ವಿರುದ್ಧವೇ ಬರೆದದ್ದಾದ್ದರಿಂದ ಅವಳು ಒಂದಕ್ಷರ ಬಿಡದೆ ಮುಂದಕ್ಕೆ ಕಳಿಸಿದಳು. "ಒಂದು ಸಾಲು ಕೋಡ್ ಬರೀದೇ ಇರೋ ಗುಮಾಸ್ತೆ ನಮ್ಮ ಬಾಯಿ ಕಟ್ಟೋದಾ? ಬಾಗಿಲು ಕಾಯೋಳಿಗೆ ಮನೆ ಯಜಮಾನಿಕೆ ಕೊಟ್ಟೋರು ಯಾರು?" ಎಂದಿತ್ತು ಅದರಲ್ಲಿ. ಹೌದು ಹೌದು ಎನ್ನುವವರು ಒಂದಷ್ಟು ಜನ ಸೇರಿಕೊಂಡರು.

ಅದನ್ನು ಓದಿದಾಗ ಟೇಡಾಳ ಮುಖ ಸಪ್ಪಗಾದದ್ದನ್ನು ಗಾಜಿನ ಈಚೆಯಿಂದ ನಾನು ನೋಡಿದೆ. ಎದ್ದು ಹೋಗಿ ಕೆಟಲ್ ಇಟ್ಟಳು. ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ, ಟೀ ಸುರಿದು, ಮೇಲೆ ಕೆನೆ ಬಿಟ್ಟು, ಕಲಕದೆ ಕುಡಿದಳು. ಊರ ಪದ್ಧತಿಯ ಮೂರು ಬಟ್ಟಲಾದ ಮೇಲೆ, ಇನ್ನು ಸಾಕು ಎನ್ನುವ ಗುರುತಿಗೆ ಚಮಚೆಯನ್ನು ಬಟ್ಟಲೊಳಗಿಟ್ಟು, "ಅವನು ಹೇಳೋದ್ರಲ್ಲಿ ಸುಳ್ಳೇನಿಲ್ಲ" ಎಂದಳು.

"ಸುಳ್ಳಿಲ್ಲ, ಆದ್ರೆ ಕೊಬ್ಬಿದೆ" ಎಂದೆ.

"ಅದಿದೆ. ಹೇಗೂ ಶನಿವಾರದಿಂದ ನಂದು ರಜೆ. ಹಿಂಡರ್ಕ್ ಆಗ್ಲೇ ಬೋರ್ಕುಮ್ ದ್ವೀಪದಲ್ಲಿ ಕೋಣೆ ಹಿಡಿದಿದಾನೆ. ಕೋಡ್ ಬರೆಯೋನೇ ಎರಡು ವಾರ ಬಾಗಿಲು ಕಾಯ್ಲಿ."

ಹಿಂಡರ್ಕ್ ಅವಳ ಗಂಡ. ನದಿಯ ದೋಣಿ ನಡೆಸುತ್ತಿದ್ದವನು, ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು. ಶುಕ್ರವಾರ ಟೇಡಾ ಪಾಸ್‌ವರ್ಡನ್ನೂ ಇನ್ನೂರ ಹದಿನಾಲ್ಕು ನಿಯಮಗಳನ್ನೂ ರಾಡೊವಾನ್‌ಗೆ ಕಳಿಸಿ, "ನಿಯಮಗಳನ್ನ ಓದ್ಕೋ" ಎಂದು ಬರೆದು, ಸೈಕಲ್ ಹತ್ತಿ ಮನೆಗೆ ಹೋದಳು.

ರಾಡೊವಾನ್ ಓದಿದ. ಓದಿ ಪಟ್ಟಿಗೇ ಬರೆದ: "ಇದೇನು ಅಡುಗೆ ಪುಸ್ತಕವಾ? 1999ರ ಮಾರ್ಚ್‌ನಲ್ಲಿ ಅಡಿಲೇಡ್‌ನೋನು ರಜೆ ಹೋಗಿದ್ದ, ಹುಷಾರು — ಇದೂ ಒಂದು ನಿಯಮವಾ? ಎಲ್ಲ ಗುಡಿಸಿ ಹಾಕಿದೀನಿ. ಹತ್ತೇ ಸಾಲಿನಲ್ಲಿ ಹೊಸದಾಗಿ ಬರೆದಿದೀನಿ. ಗಾಳಿ ಆಡ್ಲಿ." ಜೈಕಾರ ಬಿತ್ತು. ಎಂಟು ದಿನ ಎಲ್ಲವೂ ಸುಗಮ.

ಪೆಂಟೆಕೋಸ್ಟ್ ಹಬ್ಬದ ರಜೆ ಬಂತು. ರಾಡೊವಾನ್ ಹೆಂಡತಿಯ ಜತೆ ಅತ್ತೆಯ ಮನೆಗೆ ಹೊರಟ. ಹೊರಡುವಾಗ ತನ್ನ ಅಂಚೆಪೆಟ್ಟಿಗೆಗೆ ಒಂದು ತಾನೇ-ಉತ್ತರ ಹಾಕಿದ. "ನಾನು ರಜೆಯಲ್ಲಿದ್ದೇನೆ, ಮಂಗಳವಾರ ಉತ್ತರಿಸುತ್ತೇನೆ." ಯಾರು ಬರೆದರೂ ಅದು ತಂತಾನೇ ಹೋಗುತ್ತದೆ. ಅಡಿಲೇಡ್‌ನವನೂ ಅದೇ ವಾರ ರಜೆ ಹೋಗಿ ಅಂಥದ್ದನ್ನೇ ಹಾಕಿದ್ದ. ಪಟ್ಟಿಯಿಂದ ಬಂದ ಒಂದು ಪತ್ರಕ್ಕೆ ರಾಡೊವಾನ್‌ನ ಪೆಟ್ಟಿಗೆ ಉತ್ತರಿಸಿತು. ಉತ್ತರ ಪಟ್ಟಿಗೆ ಹೋಯಿತು, ಪಟ್ಟಿಯಿಂದ ಎಲ್ಲರಿಗೂ ಹೋಯಿತು. ಅಡಿಲೇಡ್‌ನವನ ಪೆಟ್ಟಿಗೆ ಅದಕ್ಕೆ ಉತ್ತರಿಸಿತು. ಅದಕ್ಕೆ ಮತ್ತೆ ರಾಡೊವಾನ್‌ನದು. ಇಂಥದ್ದನ್ನು ತಡೆಯುವ ನಿಯಮ ಗುಡಿಸಿಹೋಗಿತ್ತು. ಇಬ್ಬರು ಊರಲ್ಲಿಲ್ಲದವರು ನಾಲ್ಕು ಸಾವಿರ ಜನರ ಮುಂದೆ ಎರಡು ದಿನ ಬಿಡುವಿಲ್ಲದೆ, ತಾವು ಊರಲ್ಲಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಸೋಮವಾರ ಬೆಳಿಗ್ಗೆ ಯಂತ್ರದ ಡಿಸ್ಕ್ ತುಂಬಿ, ನನಗೆ ಕರೆ ಬಂದು, ಹಬ್ಬದ ದಿನ ಕಾಲೇಜಿಗೆ ಓಡಿದೆ. ಪಟ್ಟಿಯ ಒಬ್ಬೊಬ್ಬರಿಗೂ ಎರಡು ಸಾವಿರದ ಮುನ್ನೂರು ಪತ್ರ ತಲುಪಿತ್ತು. ರಾಡೊವಾನ್ ಮಂಗಳವಾರ ಉತ್ತರಿಸುತ್ತಾನೆ ಎಂಬುದು ಆರು ಖಂಡಗಳಿಗೆ ಗೊತ್ತಾಗಿತ್ತು. ಅವನ ಮೊಬೈಲಿಗೆ ಫೋನ್ ಮಾಡಿದೆ.

"ಗೊತ್ತಾಯ್ತು, ಗೊತ್ತಾಯ್ತು" ಎಂದ. "ನನ್ನ ಹತ್ತು ಸಾಲು ಹಿಡೀತಿಲ್ಲ. ನಿಲ್ಲಿಸಿದ್ರೆ ಮತ್ತೆ ಶುರುವಾಗತ್ತೆ. ನೀವು ಸ್ವಲ್ಪ ಅವರಿಗೆ..."

"ಯಾರಿಗೆ?"

"ಟೇಡಾ ಅವರಿಗೆ."

"ನಂಬರ್ ಕೊಡ್ತೀನಿ, ನೀನೇ ಮಾತಾಡು" ಎಂದು ಬೋರ್ಕುಮ್‌ನ ವಸತಿಗೃಹದ ನಂಬರ್ ಕೊಟ್ಟೆ.

ಮುಂದಿನದನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಎರಡೂ ಹೊಂದುತ್ತವೆ. ಟೇಡಾ ನಕ್ಕಳು ಎಂದು ಅವನು, ನಗಲಿಲ್ಲ ಎಂದು ಇವಳು, ಅಷ್ಟೇ ವ್ಯತ್ಯಾಸ.

ವಸತಿಗೃಹದ ಒಡತಿ ಊಟದ ಕೋಣೆಗೆ ಬಂದು, "ಯಾರೋ ಬ್ರನೊದವನಂತೆ, ಫೋನ್‌ನಲ್ಲಿದಾನೆ. ಅಳ್ತಿದಾನೋ ಶೀತವೋ ಗೊತ್ತಾಗ್ತಿಲ್ಲ" ಎಂದಳು. ಟೇಡಾ ಎರಡನೇ ಬಟ್ಟಲಲ್ಲಿದ್ದಳು. ಹಿಂಡರ್ಕ್ ಪತ್ರಿಕೆಯಿಂದ ತಲೆಯೆತ್ತದೆ, "ಇನ್ನೊಂದು ಬಟ್ಟಲಿದೆ" ಎಂದ. ಟೇಡಾ ಮೂರನೆಯದನ್ನೂ ಮುಗಿಸಿಯೇ ಎದ್ದಳು.

"ಹಾರ್ಬರ್ಟ್ಸ್ ಮಾತಾಡ್ತಿರೋದು. ಹೇಳು."

"ಟೇಡಾ ಅವರೇ, ನಾನು ರಾಡೊವಾನ್. ನಿಮ್ಮ ರಜೇಲಿ ತೊಂದರೆ ಕೊಡ್ತಿದೀನಿ..."

"ಇದೇನಿದು, ಪಟ್ಟೀಲಿ ನೀನು ಅಂತಿದ್ದೋನು ಫೋನಲ್ಲಿ ನೀವು ಅಂತೀಯ? ನೀನು ಅನ್ನು. ಎಲ್ಲಿದೀಯ?"

"ಅತ್ತೆ ಮನೇಲಿ. ಅವರ ಟೆಲಿಫೋನ್ ತಂತಿಗೇ ಕಂಪ್ಯೂಟರ್ ಸಿಕ್ಕಿಸ್ಕೊಂಡಿದೀನಿ. ಅತ್ತೆಗೆ ತಂಗಿಗೆ ಫೋನ್ ಮಾಡ್ಬೇಕಂತೆ, ಬಾಗಿಲ ಹತ್ರ ನಿಂತು ಬೈತಿದಾರೆ."

ಹಿನ್ನೆಲೆಯಲ್ಲಿ ಹೆಂಗಸಿನ ದನಿ ಟೇಡಾಳಿಗೂ ಕೇಳಿಸಿತು. "ಹಾಗಾದ್ರೆ ಬೇಗ ಮುಗಿಸೋಣ. ಮೊದ್ಲು ಹೊರಗೆ ಹೋಗೋ ಅಂಚೆ ನಿಲ್ಸು. ಒಳಗೆ ಬರೋದಲ್ಲ, ಹೊರಗೆ ಹೋಗೋದು. ಆಯ್ತಾ?"

"ಆಯ್ತು."

"ಈಗ ನಿನ್ನ ವಿಳಾಸ, ಅಡಿಲೇಡ್‌ನೋನ ವಿಳಾಸ ಎರಡೂ ತಡೆಹಿಡಿ. ನಿನ್ನ ಪೆಟ್ಟಿಗೆಯ ರಜೆ ಪತ್ರ ತೆಗಿ. ಸಾಲಲ್ಲಿ ನಿಂತಿರೋ ಪತ್ರಗಳಲ್ಲಿ ಆ ಎರಡು ಹೆಸರಿನವು ಮಾತ್ರ ಆರಿಸಿ ಬಿಸಾಕು. ಮಧ್ಯದಲ್ಲಿ ಪಾಪ ಯಾರೋ ನಿಜವಾದ ಪ್ರಶ್ನೆ ಕೇಳಿರ್ತಾರೆ, ಅದನ್ನ ಬಿಡು."

ಮುಕ್ಕಾಲು ಗಂಟೆ ಹಿಡಿಯಿತು. ಟೇಡಾ ಕಾಗದ ನೋಡದೆ, ಹಡಗಿಗೆ ದಾರಿ ಹೇಳುವ ಹಾಗೆ ಒಂದೊಂದೇ ಹೆಜ್ಜೆ ಹೇಳಿದಳು. ಪ್ರತಿ ಹೆಜ್ಜೆಯನ್ನೂ ಅವನ ಬಾಯಿಂದ ತಿರುಗಿ ಹೇಳಿಸಿದಳು. ಕೊನೆಗೆ ಅವನು, "ನಿಂತಿತು. ಈಗ್ಲೇ ಪಟ್ಟಿಗೆ ಒಂದು ಕ್ಷಮಾಪಣೆ ಬರೀತೀನಿ" ಎಂದ.

"ಬೇಡ! ಅದಕ್ಕೂ ಯಾರಾದ್ರೂ ರಜೇಲಿರೋರು ಉತ್ತರ ಕೊಡ್ತಾರೆ. ನಾಳೆ ಬರಿ. ಈಗ ನಿಮ್ಮತ್ತೆಗೆ ತಂತಿ ಬಿಟ್ಕೊಡು."

ಫೋನ್ ಇಡುವ ಮುಂಚೆ ಅವನು ಕೇಳಿದನಂತೆ: "ಇಷ್ಟೆಲ್ಲ ಆದ್ಮೇಲೂ ಯಾಕೆ ಹೇಳಿಕೊಟ್ಟೆ?"

"ಕರೆ ಬಂದ್ರೆ ಎತ್ತೋದು ನನ್ನ ಕೆಲಸ ಕಣಪ್ಪ. ಆ ಕಡೆ ಯಾರಿದಾರೆ ಅಂತ ನೋಡಿ ಎತ್ತಲ್ಲ."

ರಜೆ ಇನ್ನೂ ಐದು ದಿನವಿತ್ತು. ಬೇಗ ಬಾ ಎಂದು ಕಾಲೇಜಿನಿಂದ ಹೇಳಿಕಳಿಸಿದರು. "ಕೋಣೆಗೆ ಬಾಡಿಗೆ ಕಟ್ಟಿ ಆಗಿದೆ" ಎಂದು ಹಿಂಡರ್ಕ್ ಉತ್ತರಿಸಿದ. ಇಬ್ಬರೂ ಮರಳ ಮೇಲೆ ಗಾಳಿಗೆ ಬೆನ್ನು ಕೊಟ್ಟು ಕೂತು, ಹೊಗೆಯಾಡಿಸಿದ ಮೀನು ತಿಂದು, ಹೇಳಿದ ದಿನಕ್ಕೇ ವಾಪಸಾದರು.

ಅಷ್ಟರಲ್ಲಿ ಸಾವಿರದ ಒಂಬೈನೂರು ಮಂದಿ "ನಮ್ಮನ್ನು ಬಿಡಿಸಿ" ಎಂದು ಬರೆದಿದ್ದರು. ರಾಡೊವಾನ್ ಎಲ್ಲರ ಮುಂದೆ ತಪ್ಪೊಪ್ಪಿಕೊಂಡು, ಪಟ್ಟಿಗಳನ್ನು ಮತ್ತೆ ವಹಿಸಿಕೊಳ್ಳಬೇಕೆಂದು ಟೇಡಾಳನ್ನು ಕೇಳಿಕೊಂಡ. ಟೊರ್‌ಗೇರ್ ಕೂಡ ಮೌನ ಮುರಿದು, "ಗುಮಾಸ್ತೆ ಅಂತ ಬೈದಾಗ ನಾನು ಸುಮ್ನಿದ್ದೆ, ಅದೂ ತಪ್ಪೇ" ಎಂದ. ಟೇಡಾ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. ಆ ಸಾವಿರದ ಒಂಬೈನೂರು ಮಂದಿಗೂ ರಾಡೊವಾನ್ ಒಬ್ಬೊಬ್ಬರಿಗೇ ಕೈಯಾರೆ ಪತ್ರ ಬರೆಯಬೇಕು. ನಕಲು ಮಾಡಿದ ಪತ್ರ ಕೂಡದು.

"ಸಾವಿರದ ಒಂಬೈನೂರಾ!" ಎಂದು ಅವನು ಬಾಯಿಬಿಟ್ಟ.

"ಎರಡು ದಿನಕ್ಕೆ ತಲಾ ಎರಡು ಸಾವಿರದ ಮುನ್ನೂರು ಬರೆದೋನಿಗೆ ಇದೇನು ಮಹಾ?"

ಏಳು ವಾರ ಹಿಡಿಯಿತು. ಮೊದಲ ವಾರ ಗೊಣಗಿದ. ಮೂರನೇ ವಾರದಿಂದ ಟೇಡಾಳಿಗೆ ಬೇರೆ ಥರದ ಪತ್ರಗಳು ಬರತೊಡಗಿದವು. "ಪಟಗೋನಿಯಾದಲ್ಲಿ ಒಬ್ಬ ಕುರಿ ಡಾಕ್ಟರ್ ನಮ್ಮ ಡೋಲೆ ಇಟ್ಕೊಂಡು ಮಂದೆ ಲೆಕ್ಕ ಇಡ್ತಾನಂತೆ, ಗೊತ್ತಿತ್ತಾ ನಿನಗೆ?" "ಐರ್ಲೆಂಡಿನ ಟೀಚರಮ್ಮ ಒಬ್ಬರು ನಾನು ಎರಡು ವರ್ಷದ ಹಿಂದೆ ಅವರಿಗೆ ಕೊಟ್ಟ ಉತ್ತರ ಎತ್ತಿ ತೋರಿಸಿದ್ರು. ಥೂ, ಹಾಗೆ ಬರೆದಿದ್ನಾ ನಾನು?" ಟೇಡಾ ಪ್ರತಿಯೊಂದಕ್ಕೂ "ಗೊತ್ತಿತ್ತು" ಎಂದಷ್ಟೇ ಬರೆಯುತ್ತಿದ್ದಳು. ಬಿಡಿಸಿ ಎಂದವರಲ್ಲಿ ಏಳುನೂರು ಮಂದಿ ಪಟ್ಟಿಯಲ್ಲೇ ಉಳಿದರು. ಮಿಕ್ಕವರು ಹೋದರು.

ಶಿಗೇಕಿ ಪಟ್ಟಿಗೆ ಮರಳಲಿಲ್ಲ. ಟೇಡಾ ಎರಡು ಸಲ ಕರೆದಳು, ಎರಡು ಸಲವೂ ಅವನು ವಿನಯದಿಂದ ಬೇಡವೆಂದ. ಮೂರನೇ ಸಲ ಅವಳು ಕರೆಯಲಿಲ್ಲ. "ನಿನ್ನ ತಿದ್ದುಪಡಿ ನನಗೇ ಕಳಿಸು, ನಾನು ಜೋಡಿಸಿಕೊಡ್ತೀನಿ" ಎಂದಳು. ಅಂದಿನಿಂದ ಮಂಗಳವಾರದ ಪತ್ರ ಅವಳ ಹೆಸರಿನಲ್ಲಿ ಹೋಗುತ್ತಿತ್ತು, ಮೇಲೆ "ಶಿಗೇಕಿ ಪರವಾಗಿ" ಎಂದು. ಅದು ನಡೆದದ್ದು ಒಂಬತ್ತು ವರ್ಷ. ಆಮೇಲೆ ಒಂದು ಮಂಗಳವಾರ ಪತ್ರ ಬರಲಿಲ್ಲ. ವಿಚಾರಿಸಿ ಬರೆದದ್ದಕ್ಕೆ ಉತ್ತರವೂ ಬರಲಿಲ್ಲ. ಏನಾಯಿತೋ ನಮಗೆ ಇವತ್ತಿಗೂ ತಿಳಿಯದು. ಆ ಇಡೀ ತಿಂಗಳು ಮಂಗಳವಾರ ಬಂತೆಂದರೆ ಟೇಡಾ ಮೇಜು ಬಿಟ್ಟು ಏಳುತ್ತಿರಲಿಲ್ಲ.

ಇನ್ನು ಅಳಿಸುವಾಗ ಕೇಳಬೇಕೋ ಬೇಡವೋ ಎನ್ನುವುದು ತೀರ್ಮಾನವಾಗಲೇ ಇಲ್ಲ. ವರ್ಷಕ್ಕೊಮ್ಮೆ ಯಾರಾದರೂ ಹೊಸಬ ಎತ್ತುತ್ತಾನೆ, ಹಳಬರು ನಾಲ್ಕು ದಿನ ದಿನಕ್ಕೊಂದರಂತೆ ಪತ್ರ ಬರೆದು ಸುಸ್ತಾಗುತ್ತಾರೆ.

2013ರ ಚಳಿಗಾಲದಲ್ಲಿ ಟೇಡಾ ನಿವೃತ್ತಳಾದಳು. ಊರ ಹೊರಗಿನ ಹೋಟೆಲಿನಲ್ಲಿ ಎಲೆಕೋಸು, ಸಾಸೇಜಿನ ಊಟ. ರಾಡೊವಾನ್ ಹೆಂಡತಿಯ ಜತೆ ರೈಲು ಹಿಡಿದು ಬಂದಿದ್ದ. ಟೇಡಾಳನ್ನು ಅವನು ಕಣ್ಣಾರೆ ನೋಡಿದ್ದು ಅಂದೇ ಮೊದಲು. ಬಾಗಿಲಲ್ಲೇ ನಿಂತು, "ಇಷ್ಟು ಗಿಡ್ಡ ಇದೀಯಾ!" ಎಂದುಬಿಟ್ಟ. ಅವನ ಹೆಂಡತಿ ಹಣೆ ಚಚ್ಚಿಕೊಂಡಳು. "ಪತ್ರಗಳಲ್ಲಿ ಎತ್ತರ ಕಾಣ್ತಿದ್ದೆ, ಅಲ್ವಾ?" ಎಂದು ಟೇಡಾ ಅವನ ಕೈಹಿಡಿದು ಒಳಗೆ ಕರೆದೊಯ್ದಳು. ಹಿಂಡರ್ಕ್ ಅವನ ಪಕ್ಕ ಕೂತು ಆ ದಿನದ ಪಾಲಿನ ಇಪ್ಪತ್ತು ಮಾತನ್ನೂ ಅವನಿಗೇ ಖರ್ಚು ಮಾಡಿದ. ಹೆಚ್ಚಿನವು ಮೀನಿನ ಬಗ್ಗೆ.

ಪಟ್ಟಿಗಳನ್ನು ಈಗ ಮೂವರು ನೋಡಿಕೊಳ್ಳುತ್ತಾರೆ. ಮೊದಲ ವರ್ಷ ವಾರಕ್ಕೆರಡು ಸಲ ಅವರಿಂದ ಟೇಡಾಳಿಗೆ ಫೋನು. ನಿಯಮಗಳು ಆರುನೂರು ದಾಟಿದ್ದವು, ಒಂದೊಂದಕ್ಕೂ ಒಂದೊಂದು ಕತೆ. ಒಮ್ಮೆ ನಾನು ಅವಳ ಮನೆಯಲ್ಲಿದ್ದಾಗಲೇ ಫೋನ್ ಬಂತು. ಮೊಂಟೆವಿಡಿಯೋದ ಹೆಂಗಸು, ನಾನೂರ ಹನ್ನೆರಡನೇ ನಿಯಮ ತೆಗೆಯಬಹುದೇ ಎಂದು ಕೇಳುತ್ತಿದ್ದಳು. ಟೇಡಾ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಹಿಂಡರ್ಕ್ ಎರಡು ಸೈಕಲ್ ಹಿಡಿದುಕೊಂಡು ಆಕಾಶ ನೋಡುತ್ತಿದ್ದ.

"ತೆಗೆದು ನೋಡು. ಏನಾದ್ರೂ ಆದ್ರೆ ವಾಪಸ್ ಹಾಕು. ನನಗೆ ಈಗ ಪುರುಸೊತ್ತಿಲ್ಲಮ್ಮ, ನದಿ ದಂಡೆ ಕಡೆ ಹೋಗ್ತಿದೀವಿ, ಗಾಳಿ ಹಿಂದ್ಗಡೆಯಿಂದ ಇದೆ" ಎಂದು ಹೇಳಿ ಫೋನ್ ಇಟ್ಟಳು.